ಟೋಕಿಯೋಗೆ ಹೊರಟ ಮಗಳಿಗೆ

ಚಿನ್ನೂ,

"ಊಟ ಮಾಡೋದನ್ನೂ ಹೇಳಿಕೊಡ್ತೀಯಾ?" ಅಂತ ನಿನ್ನೆ ಬಾಗಿಲು ಹಾಕಿಕೊಂಡೆಯಲ್ಲ, ನನ್ನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ದನಿ ಜೋರಾಯಿತು, ಬೇಜಾರು ಮಾಡಿಕೊಳ್ಳಬೇಡ.

ಆವತ್ತಿನ ಆಂಬುಲೆನ್ಸ್, ಆಸ್ಪತ್ರೆ ಎಲ್ಲ ಬಿಡು, ನಿನಗೂ ಗೊತ್ತು. ನನ್ನ ಕಣ್ಣಿಗೆ ಕಟ್ಟಿರುವುದು ಅದಕ್ಕೂ ಮುಂಚಿನದು. ಆ ಜಪಾನಿ ರೆಸ್ಟೋರೆಂಟ್‌ನಲ್ಲಿ ಸೋಬಾ, ಅದೇ ಬಕ್‌ವೀಟ್ ಅನ್ನೋ ಕಾಳಿನ ನೂಡಲ್ಸ್, ಎರಡು ತುತ್ತು ತಿಂದವಳು ಕುತ್ತಿಗೆ ಕೆರೆದುಕೊಳ್ಳಲು ಶುರು ಮಾಡಿದೆ. ಕಿವಿ ಕೆಂಪಗಾಗಿತ್ತು. ಏನಾಯ್ತೇ ಅಂದರೆ "ಏನಿಲ್ಲ, ಸೆಖೆ" ಅಂದೆ. ಗೆಳತಿಯರ ಖುಷಿ ಹಾಳಾಗಬಾರದು ಅಂತ ನಗುತ್ತಲೇ ಮತ್ತೊಂದು ತುತ್ತು ತಿಂದೆ. ಆ ಮೂರನೇ ತುತ್ತು ನನಗೆ ಇವತ್ತಿಗೂ ಮರೆಯಲು ಆಗಿಲ್ಲ. ತುಟಿ ದಪ್ಪಗಾಗುತ್ತಿತ್ತು, ನೀನು ಇನ್ನೂ ನಗುತ್ತಿದ್ದೆ. ನಿನ್ನ ಸೋಬಾ ಅಲರ್ಜಿಗಿಂತ ನಿನ್ನ ಈ ಸಂಕೋಚಕ್ಕೇ ನನಗೆ ಭಯ ಜಾಸ್ತಿ.

ಟೋಕಿಯೋದಲ್ಲಿ ತುಟಿ ಬಿಚ್ಚದೆ ಊಟ ಮುಗಿಸಬಹುದು. ಸ್ಟೇಷನ್‌ಗಳಲ್ಲಿ ನಿಂತುಕೊಂಡೇ ತಿನ್ನುವ ಅಂಗಡಿಗಳಿವೆ. ಮೆಷಿನ್‌ಗೆ ದುಡ್ಡು ಹಾಕಿ, ಬಂದ ಚೀಟಿ ಕೊಟ್ಟರೆ ಬಟ್ಟಲು ಮುಂದೆ ಬರುತ್ತದೆ. ಉದೋನ್ ನೂಡಲ್ಸ್ ಗೋಧಿಯದು, ತಿನ್ನಬಹುದು ಅಂದುಕೊಳ್ಳುತ್ತೀಯ. ಗೋಧಿಯದೇ, ನಿಜ. ಆದರೆ ಎರಡೂ ಮಾರುವ ಕಡೆ ಸೋಬಾ ಬೆಂದ ನೀರಲ್ಲೇ ಅದನ್ನೂ ಬೇಯಿಸುವುದುಂಟು. ಆ ನೀರನ್ನು ಸೋಬಾಯು ಅಂತ ಊಟದ ಕೊನೆಗೆ ಕುಡಿಯಲು ಬೇರೆ ಕೊಡುತ್ತಾರೆ. ಸೋಬಾ ಟೀ ಇದೆ. ಹಳೇ ಕಾಲದ ದಿಂಬುಗಳ ಒಳಗೆ ತುಂಬುವುದೂ ಸೋಬಾ ಕಾಳಿನ ಸಿಪ್ಪೆಯೇ. ಪ್ಯಾಕೆಟ್ ತಿಂಡಿಯಲ್ಲಿ ಸೋಬಾ ಇದ್ದರೆ ಮೇಲೆ ಬರೆಯಲೇಬೇಕು ಅಂತ ಅಲ್ಲಿ ಕಾನೂನಿದೆ. ಹೋಟೆಲ್ ಊಟಕ್ಕೆ ಆ ಕಾನೂನಿಲ್ಲ. ನೀನೇ ಬಾಯಿ ಬಿಟ್ಟು ಕೇಳಬೇಕು, ಪ್ರತಿ ಸಲವೂ.

ಡಿಸೆಂಬರ್ 31ರ ರಾತ್ರಿ ಸೋಬಾ ತಿನ್ನುವುದು ಅವರ ಪದ್ಧತಿ. ಯಾರಾದರೂ ಪ್ರೀತಿಯಿಂದ ಮನೆಗೆ ಕರೆದಾರು. ಕರೆದಾಗಲೇ ಹೇಳಿಬಿಡು, ಬಟ್ಟಲು ಮುಂದೆ ಬಂದ ಮೇಲಲ್ಲ. ಒಂದು ನಿಮಿಷದ ಮುಜುಗರ, ಅಷ್ಟೇ ಅಲ್ವಾ?

ಇಂಜೆಕ್ಷನ್ ಪೆನ್ ಎರಡೂ ಕೈಚೀಲದಲ್ಲೇ ಇರಲಿ, ಆಫೀಸಿನ ಡ್ರಾಯರ್‌ನಲ್ಲಿ ಅಲ್ಲ. ಉಸಿರು ಕಟ್ಟುವಂತಾದರೆ ಮೊದಲು ತೊಡೆಗೆ ಚುಚ್ಚಿಕೋ, ಆಮೇಲೆ 119ಕ್ಕೆ ಫೋನ್. "ಸ್ವಲ್ಪ ನೋಡೋಣ" ಅಂತ ಕೂರಬೇಡ. ಆಂಬುಲೆನ್ಸ್‌ಗೆ ಅಲ್ಲಿ ದುಡ್ಡು ಕೇಳುವುದಿಲ್ಲ. ಕೇಳಿದರೂ ಕರೆಯಲೇಬೇಕು.

ಮತ್ತೆ ಪಾಠ ಶುರು ಮಾಡಿದೆ ನೋಡು. ಬೆಳಗಿನ ಜಾವ ಎದ್ದು ಜಪಾನಿನ ಕಾಂಜಿ ಅಕ್ಷರ ತಿದ್ದಿ ತಿದ್ದಿ ಈ ಕೆಲಸ ಗಿಟ್ಟಿಸಿಕೊಂಡವಳು ನೀನು. ಎದುರಿಗೆ ಹೇಳಿಲ್ಲ, ಫೋನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಅಷ್ಟು ಚೆನ್ನಾಗಿ ಕಲಿತ ಭಾಷೆಯಲ್ಲಿ "ಸೋಬಾ ಅರೆರುಗೀ ದೆಸು", ನನಗೆ ಸೋಬಾ ಅಲರ್ಜಿ, ಅನ್ನಲು ನಾಚಿಕೆ ಯಾಕೆ?

ಅದನ್ನೇ ಜಪಾನಿ ಅಕ್ಷರದಲ್ಲಿ ನೋಡಿಕೊಂಡು ಒಂದು ಕಾರ್ಡ್ ಬರೆದಿದ್ದೇನೆ, ಇದರ ಜೊತೆಗಿದೆ. ಗೆರೆ ಎಲ್ಲಾದರೂ ತಪ್ಪಿದ್ದರೆ ಇವತ್ತೇ ಹೇಳು. ನಾಳೆ ಪ್ರತಿ ತೆಗೆಸಿ ಲ್ಯಾಮಿನೇಟ್ ಮಾಡಿಸಬೇಕು.

ಅಮ್ಮ