ಎಂಟು ಮೊಳೆಯ ಆ ಒಂದು ಪದ

ಗದಗ
ಬುಧವಾರ ರಾತ್ರಿ

ಮಗಳೇ,

ಭಾನುವಾರ ಬೆಳಿಗ್ಗೆ ನೀನು ಚಹಾ ಕೂಡ ಕುಡಿಯದೆ ಧಾರವಾಡದ ಬಸ್ಸು ಹತ್ತಿದೆ. ಬ್ಯಾಗು ಹೊತ್ತು ಹಿಂದೆ ಹಿಂದೆ ಬಂದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ವಾರ್ಡನ್ ಎದುರು ನಿಂತು ಎರಡು ನಿಮಿಷ ಮಾತಾಡು ಎಂದರೆ ನಿನಗೂ ಕಷ್ಟ, ನನಗೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ರಾತ್ರಿ ನಿನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಅಂಕದ ಮೇಲೆ ನಡೆದ ಜಗಳ ಇಬ್ಬರಿಗೂ ನೆನಪಿದೆ, ಮತ್ತೆ ಕೆದಕುವುದಿಲ್ಲ. ಆದರೆ ನಿನ್ನ ಗೈಡನ್ನು ನೆಲಕ್ಕೆ ಎಸೆದದ್ದು ನನ್ನ ತಪ್ಪು. ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದು ನಿನಗೆ ಕಲಿಸಿದವನು ನಾನು. ಮೂವತ್ತು ವರ್ಷಕ್ಕೂ ಮಿಕ್ಕಿ ಅಚ್ಚಿನ ಮನೆಯ ಅನ್ನ ತಿಂದವನು ಹಾಗೆ ಮಾಡಬಾರದಿತ್ತು. ಕಿತ್ತುಹೋದ ಹಾಳೆಗಳನ್ನು ಹೊಲಿದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ್ದೇನೆ. ಈ ಪತ್ರದ ಜೊತೆ ಅದೂ ಬರುತ್ತದೆ.

"ಅಪ್ಪಾ, ನಿನಗೆ ಇಂಗ್ಲಿಷ್ ಜೋಡಿಸಲು ಬರುತ್ತದೆ, ಓದಲು ಬರುವುದಿಲ್ಲ" ಎಂದು ನೀನು ಅಂದೆ. ಅವ್ವ ನಿನ್ನ ಬಾಯಿ ಮುಚ್ಚಿಸಲು ಹೋದಳು. ಅವಳು ಸುಮ್ಮನಿರಬೇಕಿತ್ತು. ನೀನು ಹೇಳಿದ್ದು ನಿಜ. ಅದು ಎಷ್ಟು ನಿಜ ಎಂಬುದು ನಿನಗೂ ಗೊತ್ತಿಲ್ಲ. ಯಾರಿಗೂ ಹೇಳದ ಒಂದು ವಿಷಯವನ್ನು ಇವತ್ತು ನಿನಗೆ ಹೇಳುತ್ತೇನೆ.

1993ನೆಯ ಇಸವಿ. ನನಗೆ ಹದಿನೆಂಟು ವರ್ಷ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಹೋಗಿತ್ತು. ಎರಡು ಸಲ ಕಟ್ಟಿದೆ, ಎರಡು ಸಲವೂ ಹೋಯಿತು. ನಮ್ಮ ಕಾಲದಲ್ಲಿ ಎ ಬಿ ಸಿ ಡಿ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಆಗ ನಾನು ಇಲ್ಲಿಯ ಒಂದು ಮುದ್ರಣಾಲಯದಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುವ ಕೆಲಸಕ್ಕಿದ್ದೆ. ನಿಂತ ಕಾಲಲ್ಲಿ ಕೆಲಸ. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂರಿಸುವ ಕಂಪೋಸಿಂಗ್ ಸ್ಟಿಕ್, ಎದುರಿಗೆ ಖಾನೆ ಖಾನೆಯ ಕೇಸು. ಇಂಗ್ಲಿಷಿನ ಕೇಸಿನಲ್ಲಿ 'ಇ' ಅಕ್ಷರದ ಖಾನೆ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಅದೇ ಹೆಚ್ಚು ಬೇಕಾಗುವುದು. ಮೊಳೆಯ ಮೇಲೆ ಅಕ್ಷರ ತಿರುಗಾಮುರುಗಾ ಇರುತ್ತದೆ. ಸ್ಟಿಕ್ಕಿನಲ್ಲಿ ಅದನ್ನು ತಲೆಕೆಳಗಾಗಿ ಓದಬೇಕು. 'ಎನ್' ಯಾವುದು 'ಯು' ಯಾವುದು ಎಂದು ಕಣ್ಣು ಮೋಸ ಹೋಗುತ್ತದೆ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದಲ್ಲ, ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ನೆಟ್ಟಗೆ ಕೂರಿಸುತ್ತಿದ್ದೆವು. ಅರ್ಥ ಗೊತ್ತಿಲ್ಲದೆಯೂ ಒಂದು ಅಕ್ಷರ ತಪ್ಪದಂತೆ ಇಂಗ್ಲಿಷ್ ಜೋಡಿಸುತ್ತೇನೆಂದು ನನಗೆ ಬಹಳ ಹೆಮ್ಮೆಯಿತ್ತು.

ಆ ವರ್ಷ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಂದು ದೊಡ್ಡ ಮುದ್ರಣಾಲಯದ ಕರಪತ್ರ ನಮ್ಮಲ್ಲಿಗೆ ಅಚ್ಚಿಗೆ ಬಂತು. ಆಫ್‌ಸೆಟ್ ಯಂತ್ರ ನಡೆಸುವುದನ್ನು ಒಂದು ವರ್ಷ ಕಲಿಸುತ್ತಾರೆ, ಕಲಿಯುವಾಗ ತಿಂಗಳಿಗೆ ಇಷ್ಟು ಕೊಡುತ್ತಾರೆ, ಇದು ಅದರ ಸಾರ. ಮೊಳೆಯಿಲ್ಲದೆ ತಗಡಿನಿಂದ ಅಚ್ಚು ಹಾಕುವ ಆಫ್‌ಸೆಟ್ ಎಂಬುದು ಆಗ ನಮ್ಮ ಪಾಲಿಗೆ ದೊಡ್ಡ ಕನಸು. ಹತ್ತು ಪಾಯಿಂಟ್ ಮೊಳೆಯಲ್ಲಿ ನಾನೇ ಅದನ್ನು ಜೋಡಿಸಿದೆ. ಕೊನೆಯ ಸಾಲು ಹೀಗಿತ್ತು: "ದೋಸ್ ಹೂ ಹ್ಯಾವ್ ನಾಟ್ ಪಾಸ್ಡ್ ಎಸ್ಸೆಸ್ಸೆಲ್ಸಿ ನೀಡ್ ನಾಟ್ ಹೆಸಿಟೇಟ್ ಟು ಅಪ್ಲೈ."

ಎಸ್ಸೆಸ್ಸೆಲ್ಸಿ ಗೊತ್ತಿತ್ತು. ನಾಟ್ ಪಾಸ್ಡ್ ಗೊತ್ತಿತ್ತು, ಅದು ನಾನೇ. ಅಪ್ಲೈ ಎಂದರೆ ಅರ್ಜಿ ಹಾಕುವುದು, ಅದೂ ಗೊತ್ತಿತ್ತು. ನಡುವೆ ಇನ್ನೊಂದು ನಾಟ್ ಇತ್ತು. ಹೆಸಿಟೇಟ್ ಎಂಬ ಒಂದು ಪದ ಮಾತ್ರ ಗೊತ್ತಿರಲಿಲ್ಲ. ಪಾಸಾಗದವರು ಅರ್ಜಿ ಹಾಕುವಂತಿಲ್ಲ ಎಂದು ಓದಿಕೊಂಡೆ. ಅಲ್ಲಿಯವರೆಗೆ ಪಾಸಾದವರು ಮಾತ್ರ ಎಂಬ ಸಾಲುಗಳನ್ನೇ ಎಲ್ಲ ಕಡೆ ನೋಡಿದ್ದವನಿಗೆ ಇದು ಬೇರೆ ಇರಬಹುದು ಎಂದು ಹೊಳೆಯಲೇ ಇಲ್ಲ. ಹೆಸಿಟೇಟ್ ಪದಕ್ಕೆ ಎಂಟು ಮೊಳೆ. ಎರಡು 'ಇ', ಎರಡು 'ಟಿ'. ಎಂಟನ್ನೂ ನನ್ನ ಕೈಯಾರೆ ಎತ್ತಿ ಇಟ್ಟಿದ್ದೇನೆ. ಅಚ್ಚಾದ ಮೇಲೆ ಎಂಟನ್ನೂ ಬಿಡಿಸಿ ಅವವುಗಳ ಖಾನೆಗೆ ಹಾಕಿದ್ದೇನೆ.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಉಳಿದ ಕರಪತ್ರದ ಹಾಳೆ ಹಾಸಿಕೊಂಡು ಎಲ್ಲರೂ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆವು. ನಮ್ಮಲ್ಲಿ ಪ್ರೂಫ್ ತಿದ್ದುತ್ತಿದ್ದ ಹಿರಿಯರು ಎಣ್ಣೆಯ ಕಲೆಯ ಪಕ್ಕದ ಆ ಸಾಲಿನ ಮೇಲೆ ಬೆರಳಿಟ್ಟು, "ನೀನು ಯಾಕೆ ಇದಕ್ಕೆ ಹೋಗಲಿಲ್ಲ ತಮ್ಮಾ? ನಿನ್ನಂಥವರಿಗೇ ಅಲ್ಲವೇ ಇದು? ಬೇಡವೆಂದು ಬಿಟ್ಟೆ ಅಂದುಕೊಂಡಿದ್ದೆ" ಎಂದರು. ಎಸ್ಸೆಸ್ಸೆಲ್ಸಿ ಪಾಸಾಗದವರು ಅರ್ಜಿ ಹಾಕಲು ಹಿಂಜರಿಯಬೇಕಾಗಿಲ್ಲ. ಅದರ ಅರ್ಥ ಇದು. ಹೌದು, ನನಗೆ ಮನಸ್ಸಿರಲಿಲ್ಲ ಎಂದು ಸುಳ್ಳು ಹೇಳಿ ಎದ್ದು ಹೋದೆ. ನಿನ್ನ ಅವ್ವನಿಗೂ ಇವತ್ತಿನವರೆಗೆ ಹೇಳಿಲ್ಲ.

ಇನ್ನು ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಮೇಜಿನ ಮೇಲೆ ಬಿಟ್ಟುಹೋದ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನಮ್ಮ ಓಣಿಯ ನಿವೃತ್ತ ಮಾಸ್ತರರ ಮನೆಗೆ ಮೂರು ದಿನ ಸಂಜೆ ಹೋದೆ. ನೀನು ಸಿಟ್ಟಾಗಬೇಡ, ಅಂಕ ತೋರಿಸಲು ಹೋದದ್ದಲ್ಲ. ಓದಿ ಪ್ರಶ್ನೆಗಳಿಗೆ ಉತ್ತರಿಸಲು ಕೊಟ್ಟಿದ್ದ ಆ ಇಂಗ್ಲಿಷ್ ಪ್ಯಾಸೇಜನ್ನು ನನಗೆ ಓದಲು ಕಲಿಸಿ ಎಂದು ಕೇಳಿದೆ. ಎಂಬತ್ತು ಅಂಕದ ಪತ್ರಿಕೆಯಲ್ಲಿ ಅದಕ್ಕಿರುವುದು ನಾಲ್ಕೇ ಅಂಕ. ನಾಲ್ಕಕ್ಕೆ ನಿನಗೆ ಸೊನ್ನೆ. ಶನಿವಾರ ನಾನು ಕೂಗಾಡಿದ್ದು ಆ ಸೊನ್ನೆಗೆ, ಆದರೆ ಅದು ಯಾಕೆ ಬಂತೆಂದು ಕೇಳಲೇ ಇಲ್ಲ. ಕೇಳಿದ್ದರೂ ಆಗ ನನಗೆ ತಿಳಿಯುತ್ತಿರಲಿಲ್ಲ.

ಆ ಪ್ಯಾಸೇಜಿನಲ್ಲಿ ಒಬ್ಬ ಮುದುಕ ಇದ್ದಾನೆ. "ದಿ ಓಲ್ಡ್ ಮ್ಯಾನ್ ಹಾರ್ಡ್‌ಲಿ ಸ್ಲೆಪ್ಟ್ ದಟ್ ನೈಟ್." ನೀನು ಇದನ್ನು ಗಟ್ಟಿಯಾಗಿ ನಿದ್ದೆ ಮಾಡಿದ ಎಂದು ತಿಳಿದೆ. ಹಾರ್ಡ್ ಎಂದರೆ ಗಟ್ಟಿ, ಹಾಗಾಗಿ. ಆದರೆ ಹಾರ್ಡ್‌ಲಿ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಅವನಿಗೆ ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಆ ಸಾಲಿನಲ್ಲಿ ನಾಟ್ ಎಂಬುದು ಎಲ್ಲೂ ಇಲ್ಲ, ಆದರೂ ಅದು ಇಲ್ಲ ಎನ್ನುವ ಸಾಲು. ಸ್ಕೇರ್ಸ್‌ಲಿ, ಸೆಲ್ಡಮ್, ಅನ್‌ಲೆಸ್ ಇವೆಲ್ಲ ಅದೇ ಜಾತಿಯ ಪದಗಳಂತೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊ.

ಮುಂದಿನ ಸಾಲಿನ ಮೇಲೆ ನಾನು ಮೂರು ಸಂಜೆ ಕಳೆದಿದ್ದೇನೆ. "ದಿ ಬಾಯ್ ಹೂ ಹ್ಯಾಡ್ ಗಾನ್ ಟು ಲುಕ್ ಫಾರ್ ದಿ ಕಾಫ್ ಹ್ಯಾಡ್ ನಾಟ್ ರಿಟರ್ನ್ಡ್." ಯಾರು ಮರಳಿರಲಿಲ್ಲ ಎಂದು ಪ್ರಶ್ನೆ. ನೀನು ಕರು ಎಂದು ಬರೆದಿದ್ದೀಯ. ಮೊದಲು ನಾನೂ ಕರು ಎಂದೇ ಹೇಳಿದೆ. ಯಾಕೆ ಹೇಳು. ಇಂಗ್ಲಿಷಿನ ಆ ಸಾಲಿನಲ್ಲಿ ಕಾಫ್ ಪಕ್ಕದಲ್ಲೇ ಹ್ಯಾಡ್ ನಾಟ್ ರಿಟರ್ನ್ಡ್ ಕೂತಿದೆ. ಹುಡುಗ ಎಲ್ಲೋ ಸಾಲಿನ ತಲೆಬಾಗಿಲಲ್ಲಿ ನಿಂತಿದ್ದಾನೆ. ಈಗ ಅದನ್ನೇ ನಮ್ಮ ಮಾತಿನಲ್ಲಿ ಹೇಳಿ ನೋಡು: ಕರುವನ್ನು ಹುಡುಕಲು ಹೋದ ಹುಡುಗ ಮರಳಿರಲಿಲ್ಲ. ಇಲ್ಲಿ ಹುಡುಗನ ಪಕ್ಕದಲ್ಲೇ ಮರಳಿರಲಿಲ್ಲ ಇದೆ. ಹುಡುಗನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ನಾವು ಅವನ ಮುಂದೆ ಇಡುತ್ತೇವೆ, ಇಂಗ್ಲಿಷಿನವರು ಅವನ ಹಿಂದೆ ನೇತುಹಾಕುತ್ತಾರೆ. ನಾವು ಇಲ್ಲ ಎನ್ನುವುದನ್ನು ಕಟ್ಟಕಡೆಗೆ ಹೇಳುತ್ತೇವೆ, ಅವರು ಅದನ್ನು ಸಾಲಿನ ಹೊಟ್ಟೆಯೊಳಗೆ ಇಟ್ಟುಬಿಡುತ್ತಾರೆ. ಕನ್ನಡದ ಕಿವಿ ಇರುವವರು ಅಲ್ಲಿ ಎಡವುವುದು ಸಹಜ. ನೀನು ದಡ್ಡಿ ಎಂದು ಶನಿವಾರ ನಾನಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆ ಮಾತು ಆಡಬಾರದಿತ್ತು, ತಾಯಿ.

ಹೂ, ವಿಚ್, ದಟ್ ಸಿಕ್ಕ ಕೂಡಲೇ ಪೆನ್ಸಿಲಿನಲ್ಲಿ ಒಂದು ಕಂಸ ತೆರೆ, ಆ ತುಂಡು ಮುಗಿಯುವಲ್ಲಿ ಮುಚ್ಚು ಎಂದು ಮಾಸ್ತರರು ತೋರಿಸಿಕೊಟ್ಟರು. ಕಂಸದೊಳಗಿನದನ್ನು ಬಿಟ್ಟು ಓದಿದರೆ ದಿ ಬಾಯ್ ಹ್ಯಾಡ್ ನಾಟ್ ರಿಟರ್ನ್ಡ್ ಎಂದು ಉಳಿಯುತ್ತದೆ. ನನ್ನ ಕಣ್ಣ ಮುಂದೆ ಪರದೆ ಸರಿದಂತಾಯಿತು. ಮನೆಗೆ ಬಂದು ಆ ಹಳೆಯ ಸಾಲಿಗೂ ಕಂಸ ಹಾಕಿದೆ. ದೋಸ್ ಆದಮೇಲೆ ತೆರೆದೆ, ಎಸ್ಸೆಸ್ಸೆಲ್ಸಿ ಆದಮೇಲೆ ಮುಚ್ಚಿದೆ. ದೋಸ್ ನೀಡ್ ನಾಟ್ ಹೆಸಿಟೇಟ್ ಟು ಅಪ್ಲೈ ಉಳಿಯಿತು. ಆಗಲೂ ಹೆಸಿಟೇಟ್ ಗೊತ್ತಿಲ್ಲದೆ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಆ ಎರಡನೆಯ ನಾಟ್ ಅಪ್ಲೈ ಪದಕ್ಕೆ ಸೇರಿದ್ದಲ್ಲ ಎಂದಾದರೂ ತಿಳಿಯುತ್ತಿತ್ತು. ತಿಳಿದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ. ಪ್ರೂಫ್ ತಿದ್ದುವವರು ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತಿರುತ್ತಿದ್ದರು. ನಾಲ್ಕೇ ಮಾರು. ಇಂಗ್ಲಿಷ್ ಜೋಡಿಸುವವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ತೋರಿಸಿಕೊಳ್ಳಲು ನಾಚಿಕೆಯಾಗಿತ್ತು.

ಪರೀಕ್ಷೆಗೆ ಇನ್ನು ಐದು ವಾರ ಇದೆ. ಈ ಮಾತುಗಳನ್ನು ಕೇಳು. ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಎಂದು ಹುಡುಕಿ ಆ ಸಾಲನ್ನು ಹಾಗೇ ಎತ್ತಿ ಬರೆಯುವುದನ್ನು ಬಿಡು. ಅದು ನಾನು ಮಾಡುತ್ತಿದ್ದ ಕೆಲಸ, ಮೊಳೆ ಜೋಡಿಸುವುದು. ಯಾಕೆ ಎಂದು ಕೇಳಿದರೆ ಕಾರಣ ಎಷ್ಟೋ ಸಲ ಮುಂದಿನ ಸಾಲಿನಲ್ಲಿ ಇರುತ್ತದೆ. ಇಟ್, ದೇ, ದಿಸ್ ಬಂದಾಗ ಅದು ಯಾರನ್ನು, ಯಾವುದನ್ನು ತೋರಿಸುತ್ತಿದೆ ಎಂದು ಬಾಣದ ಗುರುತು ಹಾಕು. ವೈ ಡಿಡ್ ಹಿ ಗೋ ಎಂದು ಕೇಳಿದರೆ ಉತ್ತರದಲ್ಲಿ ಹಿ ವೆಂಟ್ ಎಂದಾಗುತ್ತದೆ, ನೀನು ಎರಡು ಕಡೆ ಹಿ ಡಿಡ್ ಗೋ ಎಂದು ಬರೆದಿದ್ದೀಯ. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಮೊದಲು ಪ್ಯಾಸೇಜನ್ನೇ ತೆಗೆ. ಒಮ್ಮೆ ಪೂರ್ತಿ ಓದು, ಎಲ್ಲೂ ನಿಲ್ಲಬೇಡ, ಆಮೇಲೆ ಪ್ರಶ್ನೆ ಓದು, ಮತ್ತೆ ಪ್ಯಾಸೇಜಿಗೆ ಬಾ. ಗೊತ್ತಿಲ್ಲದ ಪದ ಬಂದರೆ ಗಾಬರಿಯಾಗಬೇಡ, ಆದರೆ ಗೊತ್ತಿದೆ ಎಂದು ಅದರ ಮೇಲೆ ಹಾರಿ ಹೋಗಲೂ ಬೇಡ. ದಿನಕ್ಕೆ ಒಂದು ಪ್ಯಾಸೇಜ್ ಸಾಕು. ಹತ್ತು ಮಾಡುತ್ತೇನೆ ಎಂದು ಹೊರಟು ಮೂರನೆಯ ದಿನ ಬಿಡುವವಳು ನೀನು, ನನಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಮಲಗು. ನೋಡು, ಉಪದೇಶ ಮಾಡಬಾರದೆಂದು ಅವ್ವ ಹೇಳಿ ಕೂರಿಸಿದ್ದಳು, ಮತ್ತೆ ಅಲ್ಲಿಗೇ ಬಂದೆ.

ಇಷ್ಟೆಲ್ಲ ಬರೆದದ್ದು ನಾಲ್ಕು ಅಂಕಕ್ಕಾಗಿ ಎಂದು ತಿಳಿಯಬೇಡ. ಅಂಕ ಕಡಿಮೆಯಾದರೆ ಈಗ ಅದೇ ವರ್ಷದಲ್ಲೇ ಮತ್ತೆ ಪರೀಕ್ಷೆ ಬರೆಯಬಹುದು. ನನ್ನ ಎದೆಯಲ್ಲಿ ಕೂತಿರುವುದು ಶನಿವಾರ ಊಟಕ್ಕೆ ಮೊದಲು ನೀನು ಅವ್ವನಿಗೆ ಹೇಳಿದ ಮಾತು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದಿಲ್ಲ, ಅದೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ಅದು ನನಗಲ್ಲ ಎಂದೆ. ನಾನು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದೆ, ಕೇಳಿಸಿತು. ಎಂಟನೇ ತರಗತಿಯಲ್ಲಿ ನಾಲ್ಕಾರು ನಿಂಬೆಹಣ್ಣಿಗೆ ತಾಮ್ರ, ಸತುವಿನ ತುಂಡು ಚುಚ್ಚಿ ಪುಟ್ಟ ಎಲ್‌ಇಡಿ ದೀಪ ಉರಿಸಿ ಓಣಿಯವರನ್ನೆಲ್ಲ ಕರೆತಂದು ತೋರಿಸಿದವಳು ನೀನು. ಕಲಾ ವಿಭಾಗ ನಿನಗೆ ಇಷ್ಟವಾಗಿ ತೆಗೆದುಕೊಂಡರೆ ನನ್ನದೇನೂ ಅಡ್ಡಿಯಿಲ್ಲ, ಖುಷಿಯಿಂದ ಶುಲ್ಕ ಕಟ್ಟುತ್ತೇನೆ. ಆದರೆ ನನಗಲ್ಲ ಎಂದು ಯಾವ ಸಾಲಿನಲ್ಲಿ ಬರೆದಿದೆ, ನನಗೆ ತೋರಿಸು. ಶನಿವಾರ ನನಗೆ ಬಂದ ಸಿಟ್ಟು ನಿನ್ನ ಮೇಲಿನದೇ ಆಗಿರಲಿಲ್ಲ. ಕೇಸಿನ ಮುಂದೆ ನಿಂತಿದ್ದ ಆ ಹದಿನೆಂಟರ ಹುಡುಗ ಕಣ್ಣ ಮುಂದೆ ಬಂದಿದ್ದ, ಅವನ ಮೇಲೆ ಎಸೆಯಬೇಕಾದ ಗೈಡನ್ನು ನಿನ್ನ ಮುಂದೆ ಎಸೆದೆ.

ಸೋದರಮಾವ ಶುಕ್ರವಾರ ಧಾರವಾಡಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಇದೆಲ್ಲ ಕಳಿಸುತ್ತೇನೆ. ಅವ್ವ ಶೇಂಗಾ ಉಂಡೆ ಕಟ್ಟಿದ್ದಾಳೆ, ಗೆಳತಿಯರಿಗೂ ಕೊಡು. ಗೈಡಿನ ಒಳಗೆ ಒಂದು ಹಾಳೆ ಮಡಚಿ ಇಟ್ಟಿದ್ದೇನೆ. ಮಾಸ್ತರರು ಕೊಟ್ಟ ಬೇರೆ ಒಂದು ಪ್ಯಾಸೇಜ್ ಅದು, ಬಾವಲಿಗಳು ಕತ್ತಲಲ್ಲಿ ಹೇಗೆ ದಾರಿ ಹುಡುಕುತ್ತವೆ ಎಂಬುದರ ಬಗ್ಗೆ. ಕೆಳಗೆ ಐದು ಪ್ರಶ್ನೆ, ಐದಕ್ಕೂ ನಾನೇ ಉತ್ತರ ಬರೆದಿದ್ದೇನೆ. ಅವರಿಗೆ ತೋರಿಸಿಲ್ಲ. ಕೆಂಪು ಪೆನ್ನು ಹಿಡಿದು ನೀನು ತಿದ್ದಿ ಕಳಿಸು. ದಾಕ್ಷಿಣ್ಯ ಬೇಡ, ತಪ್ಪಿದ್ದರೆ ತಪ್ಪು ಎಂದು ಬರೆ. ಮೂರನೆಯ ಪ್ರಶ್ನೆಯಲ್ಲಿ ದೇ ಎಂದರೆ ಬಾವಲಿಗಳೋ ಹುಳುಗಳೋ ಎಂದು ನನಗೆ ಇನ್ನೂ ಅನುಮಾನ. ಎರಡಕ್ಕೂ ಬಾಣ ಹಾಕಿ ಬಿಟ್ಟಿದ್ದೇನೆ. ಯಾವುದು ಸರಿ ಎಂದು ಬರೆ.

ನಿನ್ನ
ಅಪ್ಪ