ಚೊಂಬು ನೆಗ್ಗಿದ್ದು ಯಾವ ಕಡೆ?

ಮಗುವಿಗೆ ಆಶೀರ್ವಾದಗಳು.

ನಿನ್ನ ಕಥೆ ಎರಡು ಸಲ ಓದಿದೆ. ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯುವುದನ್ನೇ ಬಿಡುತ್ತೇನೆ ಅಂದಿದ್ದೀಯ. ಓದಿ ಸಂಕಟವಾಯಿತು. ಕಥೆ ಎಷ್ಟು ಪುಟ ಇರಬೇಕು, ಎಲ್ಲಿಗೆ ಕಳಿಸಬೇಕು ಅಂತಲೂ ಕೇಳಿದ್ದೀಯ. ಅದನ್ನೆಲ್ಲ ಯಾರಾದರೂ ಹೇಳುತ್ತಾರೆ. ನನಗೆ ನಿನ್ನ ಅಜ್ಜಿಯ ಮೇಜಿನ ಬಗ್ಗೆ ಮಾತಾಡಬೇಕು.

ಆ ಮೇಜಿನ ಮೇಲೆ ಕನ್ನಡಕ, ನಿಂತುಹೋದ ಗಡಿಯಾರ, ಬಾಡಿದ ಮಲ್ಲಿಗೆ ಇಟ್ಟಿದ್ದೀಯ. ಗಡಿಯಾರ ಅಂದರೆ ಸಾವು, ಮಲ್ಲಿಗೆ ಅಂದರೆ ಮುಗಿದ ಯೌವನ. ಒಂದೊಂದಕ್ಕೂ ಅರ್ಥದ ಚೀಟಿ ಅಂಟಿಸಿದ್ದೀಯ. ಯಾಕಮ್ಮಾ ಇಷ್ಟು ಅವಸರ?

ಪೀಟರ್ ಕ್ಲಾಸ್ ಎಂಬ ಡಚ್ ಕಲಾವಿದ 1628ರಲ್ಲಿ ಬರೆದ ಒಂದು ಸ್ಟಿಲ್ ಲೈಫ್, ಅಂದರೆ ಜೋಡಿಸಿಟ್ಟ ವಸ್ತುಗಳ ಚಿತ್ರ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಪುಟ್ಟ ಮರದ ಹಲಗೆ, ಅಗಲ ಸುಮಾರು 36 ಸೆಂಟಿಮೀಟರ್, ಎತ್ತರ 24. ಹಲ್ಲುದುರಿದ ತಲೆಬುರುಡೆ, ಅದರ ಕೆಳಗೆ ಪುಸ್ತಕ, ಗರಿಯ ಲೇಖನಿ, ಆರುತ್ತಿರುವ ಬತ್ತಿ, ಉರುಳಿಬಿದ್ದ ಗಾಜಿನ ಲೋಟ. ಹೆಚ್ಚುಕಡಿಮೆ ಎಲ್ಲ ಕಂದು, ಬೂದು. ಬುರುಡೆ ಅಂದರೆ ಸಾವು ಅಂತ ಆಗ ಅವನಿದ್ದ ಹಾರ್ಲೆಮ್ ಊರಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬರಿದಾದ ಹಣೆ ಅಂದರೆ ಏನು ಅಂತ ನಮ್ಮವರಿಗೆ ಹೇಳಬೇಕಾ? ಹಾಗೇ. ಅವನು ಜೀವ ತೇಯ್ದಿರುವುದು ಆ ಖಾಲಿ ಲೋಟಕ್ಕೆ. ಗಾಜಿನ ಮೇಲೆ ಬೆಳಕು ಎಲ್ಲಿ ಹೊಳೆಯುತ್ತದೆ, ಎಲ್ಲಿ ಮಂಕಾಗುತ್ತದೆ ಅಂತ ಕೂತು ನೋಡಿದ್ದಾನೆ. ಹೊತ್ತು ಒಂಚೂರು ಸರಿದರೂ ಆ ಹೊಳಪು ಅಲ್ಲಿರುವುದಿಲ್ಲ. ಬುರುಡೆಗಿಂತ ಜಾಸ್ತಿ ಆ ಹೊಳಪೇ ನನಗೆ ಸಾವನ್ನು ನೆನಪಿಸಿತು.

ನಿನ್ನ ವಯಸ್ಸಿನಲ್ಲಿ ನಾನೂ ಅಮ್ಮನ ಹಿತ್ತಾಳೆ ಚೊಂಬಿನ ಮೇಲೆ ಕಥೆ ಬರೆದೆ. ಚೊಂಬಿನ ನೆಗ್ಗು ಅವಳ ಮನಸ್ಸಿನ ಗಾಯ ಅಂತ ಕೊನೆಯಲ್ಲಿ ಬಿಡಿಸಿ ಹೇಳಿದೆ. ವಿಮರ್ಶಕರೊಬ್ಬರು ಎಂಥ ಸಂಕೇತ ಅಂತ ಹೊಗಳಿದರು. ಆ ಮಾತು ನಂಬಿ ಹತ್ತು ವರ್ಷ ಸಂಕೇತಗಳನ್ನೇ ಹೊಸೆದೆ. ಅವರ ಮೇಲೆ ಇವತ್ತಿಗೂ ಸಿಟ್ಟಿದೆ ನನಗೆ. ಅಕ್ಕ ಮಾತ್ರ ಕಥೆ ಓದಿ, "ಚೊಂಬು ನೆಗ್ಗಿದ್ದು ಯಾವ ಕಡೆ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಬೆಳಕಿಂಡಿಯ ಕೆಳಗೇ ಇರುತ್ತಿದ್ದ ಚೊಂಬು. ಬಾಯಿಯ ಹತ್ತಿರದ ಆ ನೆಗ್ಗಿಗೆ ಬಿಸಿಲು ಬಿದ್ದು, ಗೋಡೆ ಮೇಲೆ ಮೀನಿನ ಹಾಗೆ ಆಡುತ್ತಿತ್ತಂತೆ. ಅಕ್ಕ ಹೇಳಿದ್ದು. ನಾನು ನೋಡೇ ಇರಲಿಲ್ಲ. ಹೋಗಿ ನೋಡೋಣ ಅಂದರೆ, ಅಷ್ಟರಲ್ಲಿ ಅದನ್ನು ಹಳೇ ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬ ತಗೊಂಡಾಗಿತ್ತು.

ನಿನ್ನ ಕಥೆಯಲ್ಲಿ ಒಂದು ಸಾಲು ಇದೆ. ಅಜ್ಜಿ ಕನ್ನಡಕದ ಕಡ್ಡಿಗೆ ದಾರ ಸುತ್ತಿದ್ದರು ಅಂತ. ಅದಕ್ಕೆ ಅರ್ಥ ಹಚ್ಚುವುದನ್ನು ಮರೆತಿದ್ದೀಯ, ಸದ್ಯ. ನನ್ನ ಕಣ್ಣು ತುಂಬಿದ್ದು ಅಲ್ಲೇ. ಆ ಕನ್ನಡಕ ಇನ್ನೂ ಮನೆಯಲ್ಲಿದೆ ಅಂದಿದ್ದೀಯ, ಅಲ್ವಾ? ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ಇಟ್ಟು ಸುಮ್ನೆ ನೋಡು. ದಾರದ ಬಣ್ಣ ಯಾವುದು, ಯಾವ ಗಾಜಿನಲ್ಲಿ ಗೀರು ಜಾಸ್ತಿ, ನನಗೆ ಬರೆ.