ಬ್ಯಾಂಜೋ ನುಡಿಸ್ತಿದ್ದ ನಮ್ಮೂರೋರು

ನಮ್ಮ ಸುದ್ದಿಪತ್ರದಲ್ಲಿ ಶ್ರದ್ಧಾಂಜಲಿ ಅಂದ್ರೆ ಯಾವಾಗ್ಲೂ ಬೆಂಗಳೂರು, ಮೈಸೂರು, ಧಾರವಾಡದ ಕಲಾವಿದರದ್ದೇ. ಅದು ಬೇಕು, ತಕರಾರಿಲ್ಲ. ಆದ್ರೆ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಮನೆ ಮಾಡ್ಕೊಂಡು, ಮಕ್ಕಳನ್ನ ಇಲ್ಲೇ ಓದಿಸ್ಕೊಂಡು ಇರೋ ನಾವು ಈ ನೆಲದ ವಿದ್ವಾಂಸರು ಹೋದಾಗ ಒಂದು ಸಾಲೂ ಬರೀದೇ ಇದ್ರೆ ಹೇಗೆ? ಹಾಗಾಗಿ ಈ ಸಲದ ಸಂಪಾದಕೀಯ ಬ್ಲೂಗ್ರಾಸ್‌ನೋರಿಗೆ, ಅಂದ್ರೆ ಬ್ಯಾಂಜೋ, ಗಿಟಾರ್, ವಯಲಿನ್ ನುಡಿಸ್ಕೊಂಡು ಹಾಡೋ ಇಲ್ಲಿನ ಜನಪದ ಶೈಲಿಯ ಸಂಗೀತದೋರಿಗೆ.

ಈ ಸಂಗೀತಕ್ಕೆ ಹೆಸರು ಬಂದಿದ್ದು ಕೆಂಟಕಿಯ ಬಿಲ್ ಮನ್ರೋ ಅವರ ಬ್ಯಾಂಡಿಂದ, ಆದ್ರೆ ಬ್ಲೂಗ್ರಾಸ್ ಅಂದ ತಕ್ಷಣ ಕಿವೀಲಿ ಕೇಳ್ಸೋ ಆ ಬ್ಯಾಂಜೋ (ದಮ್ಮಡಿಗೆ ದಂಡಿ ಸೇರಿಸಿದ ಹಾಗಿರೋ ತಂತಿವಾದ್ಯ) ಇದೆಯಲ್ಲ, ಅದು ಅರ್ಲ್ ಸ್ಕ್ರಗ್ಸ್ ಅವರದ್ದು. ನಮ್ಮ ನಾರ್ತ್ ಕೆರೊಲೈನಾದ ಶೆಲ್ಬಿ ಪಕ್ಕದ ಫ್ಲಿಂಟ್ ಹಿಲ್‌ನಲ್ಲಿ 1924ರಲ್ಲಿ ಹುಟ್ಟಿದೋರು, ಎರಡನೇ ಮಹಾಯುದ್ಧದ ಟೈಮಲ್ಲಿ ದಾರದ ಮಿಲ್ಲಲ್ಲಿ ಕೆಲಸ ಮಾಡಿ, 1945ರ ಕೊನೇಲಿ ಮನ್ರೋ ಜೊತೆ ಸೇರ್ಕೊಂಡ್ರು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಮೂರಕ್ಕೂ ಪಿಕ್ (ತಂತಿ ಮೀಟೋ ಉಗುರು) ಹಾಕ್ಕೊಂಡು ನುಡಿಸೋದು ಆ ಕಡೆ ಮೊದಲೇ ಇತ್ತು, ಅದನ್ನ ಈ ವೇಗಕ್ಕೆ, ಈ ಸ್ಪಷ್ಟತೆಗೆ ತಂದೋರು ಇವರು. ಬ್ಯಾಂಜೋದ ಐದನೇ ತಂತಿ ಗಮನಿಸಿ, ಅದು ಗಿಡ್ಡ, ಅದರ ಬಿರಡೆ ದಂಡಿಯ ಮಧ್ಯದಲ್ಲೇ ಇರತ್ತೆ. ಸಾಮಾನ್ಯವಾಗಿ ಅದನ್ನ ಒತ್ತೋದೇ ಇಲ್ಲ, ಹೆಬ್ಬೆರಳು ಮೀಟಿದಾಗೆಲ್ಲ ಒಂದೇ ಸ್ವರ, ವೀಣೆ ಕಲ್ತಿರೋರಿಗೆ ತಾಳದ ತಂತಿ ನೆನಪಾಗ್ಲೇಬೇಕು.

ಸ್ಕ್ರಗ್ಸ್ ಹೋಗಿದ್ದು 2012ರ ಮಾರ್ಚಲ್ಲಿ. ಎರಡೇ ತಿಂಗಳಿಗೆ ಗಿಟಾರ್ ವಾದಕ ಡಾಕ್ ವಾಟ್ಸನ್ ಕೂಡ. ಫಾಲ್ ಕಲರ್ಸ್ ನೋಡಕ್ಕೆ ಬೂನ್ ಕಡೆ ಹೋಗೋ ನಮ್ಮೋರು ಕಿಂಗ್ ಸ್ಟ್ರೀಟಲ್ಲಿ ಬೆಂಚ್ ಮೇಲೆ ಗಿಟಾರ್ ಹಿಡ್ಕೊಂಡು ಕೂತಿರೋ ಕಂಚಿನ ಮನುಷ್ಯನ ಪಕ್ಕ ಫೋಟೋ ತೆಗೆಸ್ಕೊಂಡಿರ್ತೀರಿ, ಅವರೇ ಇವರು. ಒಂದು ವರ್ಷ ತುಂಬೋ ಮುಂಚೆ ಕಣ್ಣು ಹೋಯ್ತು, ಓದಿದ್ದು ನಮ್ಮ ರಾಲಿಯ ಅಂಧ ಮಕ್ಕಳ ಶಾಲೇಲಿ. ಮೂರ್ತಿ ಮಾಡ್ತೀವಿ ಅಂದಾಗ ‘ಜನರಲ್ಲಿ ಒಬ್ಬ, ಅಷ್ಟೇ’ ಅಂತ ಬರೆಸಿ ಅಂದ್ರಂತೆ, ಹಾಗೇ ಬರ್ದಿದಾರೆ. ಜೊತೇಲಿ ನುಡಿಸ್ತಿದ್ದ ಮಗ ಮರ್ಲ್ 1985ರಲ್ಲಿ ಟ್ರಾಕ್ಟರ್ ಆಕ್ಸಿಡೆಂಟಲ್ಲಿ ತೀರ್ಕೊಂಡ. ಅವನ ಹೆಸರಲ್ಲಿ 1988ರಿಂದ ವಿಲ್ಕ್ಸ್‌ಬೊರೋದಲ್ಲಿ ಮರ್ಲ್‌ಫೆಸ್ಟ್ ನಡೀತಿದೆ, ತಾನು ಹೋಗೋ ಒಂದು ತಿಂಗಳ ಮುಂಚೆ ಕೂಡ 89ರ ಅಪ್ಪ ಅಲ್ಲಿ ನುಡಿಸಿದ್ರು.

ನನಗೆ ತುಂಬಾ ಕಾಡೋದು ಟೋನಿ ರೈಸ್. ಗಿಟಾರ್ ಎಷ್ಟು ಚೆನ್ನಾಗಿತ್ತೋ ಕಂಠ ಅದಕ್ಕಿಂತ ಚೆನ್ನಾಗಿತ್ತು (ಇದಕ್ಕೆ ಗಿಟಾರ್ ಪ್ರಿಯರು ಜಗಳಕ್ಕೆ ಬರ್ತಾರೆ, ಬರ್ಲಿ), ಆದ್ರೆ 1994ರ ಹೊತ್ತಿಗೆ ಗಂಟಲು ಕೈಕೊಟ್ತು, ಹಾಡೋದೇ ನಿಂತೋಯ್ತು, ಮಾತೂ ಗೊಗ್ಗರು. 2013ರಲ್ಲಿ ಬ್ಲೂಗ್ರಾಸ್ ಹಾಲ್ ಆಫ್ ಫೇಮ್‌ಗೆ ಸೇರಿಸ್ಕೊಂಡಾಗ, ಇಲ್ಲೇ ರಾಲಿಯ ವೇದಿಕೆ ಮೇಲೆ, ಗೊಗ್ಗರು ದನೀಲೇ ಮಾತಾಡ್ತಾ ಮಾತಾಡ್ತಾ, ಗಂಟಲಿಗೆ ಅಭ್ಯಾಸ ಮಾಡ್ತಾ ಇದೀನಿ ಅಂತ ಹೇಳಿ, ಸ್ವಲ್ಪ ಹೊತ್ತು ತಮ್ಮ ಹಳೇ ದನೀಲೇ ಮಾತಾಡಿಬಿಟ್ರು. ವಿಡಿಯೋ ಇದೆ, ಸಭೇಲಿ ಕೂತೋರ ರಿಯಾಕ್ಷನ್ ನೋಡಿ. ಆಮೇಲೆ ಕೈಗೂ ತೊಂದ್ರೆ ಬಂದು ಗಿಟಾರೂ ಬಿಟ್ರು, 2020ರ ಕ್ರಿಸ್‌ಮಸ್ ದಿನ ರೀಡ್ಸ್‌ವಿಲ್‌ನ ಮನೇಲಿ ಹೋಗಿಬಿಟ್ರು.

ಡರ್ಹಮ್‌ನ ಬ್ಯಾಂಜೋ ವಾದಕ ಜಿಮ್ ಮಿಲ್ಸ್ ಅಂತೂ ಅಕ್ಕಪಕ್ಕದೋರೇ, 2024ರ ಮೇ ತಿಂಗಳಲ್ಲಿ 57ಕ್ಕೇ ಹೋದ್ರು. ಯುದ್ಧಕ್ಕೆ ಮುಂಚಿನ ಗಿಬ್ಸನ್ ಕಂಪನಿ ಬ್ಯಾಂಜೋಗಳ ವಿಷಯದಲ್ಲಿ ಅವರ ಮಾತೇ ಕೊನೆ.

ಬ್ಲೂಗ್ರಾಸ್‌ನೋರು ಸತ್ತೋರನ್ನ ನೆನೆಯೋದು ಭಾಷಣದಲ್ಲಿ ಅಲ್ಲ. ಜ್ಯಾಮಲ್ಲಿ, ಅಂದ್ರೆ ಎಲ್ರೂ ಸುತ್ತ ಸೇರಿ ಸರದಿ ಮೇಲೆ ನುಡಿಸೋ ಕೂಟದಲ್ಲಿ, ತನ್ನ ಸರದಿ ಬಂದಾಗ ಒಬ್ಬ ಸ್ಕ್ರಗ್ಸ್ ನುಡಿಸಿದ್ದನ್ನ ಸ್ವರ ಬಿಡದೆ ಹಾಗ್ಹಾಗೇ ನುಡಿಸ್ತಾನೆ, ಪಕ್ಕದವನು ಅದು ಹಾಗಲ್ಲ ಅಂತಾನೆ, ನಮ್ಮಲ್ಲಿ ಪಾಠಾಂತರಕ್ಕೆ ಕಿತ್ತಾಡೋ ಹಾಗೇನೇ. 2013ರಿಂದ ರಾಲಿಯಲ್ಲಿ ನಡೀತಿದ್ದ ಬ್ಲೂಗ್ರಾಸ್‌ನೋರ ದೊಡ್ಡ ವಾರ್ಷಿಕ ಹಬ್ಬ 2025ಕ್ಕೆ ಟೆನೆಸೀಗೆ ಶಿಫ್ಟ್ ಆಯ್ತು, ಹಾಗಾಗಿ ಇನ್ನು ಕೇಳ್ಬೇಕಂದ್ರೆ ಇಂಥ ಜ್ಯಾಮ್‌ಗಳನ್ನೇ ಹುಡ್ಕೊಂಡು ಹೋಗ್ಬೇಕು. ವಯಲಿನ್ ಕಲೀತಿರೋ ಮಕ್ಕಳಿದ್ರೆ ಕರ್ಕೊಂಡು ಹೋಗಿ, ಅದೇ ವಾದ್ಯ ಇಲ್ಲಿ ಗದ್ದದ ಕೆಳಗೆ ಹಿಡ್ದು ನಿಂತ್ಕೊಂಡು ಬಾರಿಸೋದನ್ನ ನೋಡ್ಲಿ.

ಶೆಲ್ಬಿಯ ಹಳೇ ಕೋರ್ಟ್ ಕಟ್ಟಡದಲ್ಲಿ 2014ರಿಂದ ಅರ್ಲ್ ಸ್ಕ್ರಗ್ಸ್ ಸೆಂಟರ್ ಇದೆ, ರಾಲಿಯಿಂದ ಮೂರು ಗಂಟೆ ಮೇಲೆ ಡ್ರೈವ್. ಊಟ ಮಾತ್ರ ಕಟ್ಕೊಂಡು ಹೋಗಿ, ಆ ಊರು ಲಿವರ್‌ಮಶ್‌ಗೆ ಫೇಮಸ್ಸು, ಅಂದ್ರೆ ಹಂದಿ ಲಿವರ್ರು ಮತ್ತು ಜೋಳದ ಹಿಟ್ಟು, ನಮ್ಮ ಪುಳಿಯೋಗರೆ ಪಾರ್ಟಿಗೆ ಆಗಿಬರಲ್ಲ.